ಸಿಡುಕನ ಮೊಣಕಾಲು

ಸಿಡುಕನ ಮೊಣಕಾಲನ್ನು ಮೊದಲು ನೋಡಿದ ಡಾಕ್ಟರು ಅದನ್ನು ಕೈಯಿಂದ ಮುಟ್ಟಲೇ ಇಲ್ಲ. ಪೆನ್ನಿನ ತುದಿಯಿಂದ ಒತ್ತಿ, "ನೋವಾ?" ಅಂದರು. ಅವನು "ಹ್ಞೂಂ" ಅನ್ನುವಷ್ಟರಲ್ಲಿ ಅದೇ ಪೆನ್ನು ಚೀಟಿಯ ಮೇಲೆ ಮುಲಾಮಿನ ಹೆಸರು ಗೀಚತೊಡಗಿತ್ತು.

"ಏನು ಕೆಲಸ?"

"ಟೈಲ್ಸ್ ಹಾಕೋದು."

"ಮತ್ತೆ? ದಿನಾ ಮಂಡಿ ಊರೋರಿಗೆ ಮಂಡಿ ಊದದೆ ಮೂಗು ಊದುತ್ತಾ? ನೀರು ತುಂಬಿದೆ, ಅಷ್ಟೇ. ಹಚ್ಕೋ, ಹೋಗು."

ಬಾಗಿಲಲ್ಲಿ ನಿಂತಿದ್ದ ಕಾಂಪೌಂಡರ್ ಕಿಸಕ್ಕನೆ ನಕ್ಕ. ಸಿಡುಕನೂ ನಕ್ಕುಬಿಟ್ಟ. ಆಮೇಲೆ ಆ ನಗು ನೆನಪಾದಾಗಲೆಲ್ಲ ತನ್ನ ಕೆನ್ನೆಗೆ ತಾನೇ ಎರಡು ಬಾರಿಸಿಕೊಳ್ಳಬೇಕು ಅನ್ನಿಸುತ್ತಿತ್ತು ಅವನಿಗೆ. ಎಕ್ಸ್‌ರೇ ಯಂತ್ರ ಪಕ್ಕದ ಕೋಣೆಯಲ್ಲೇ ಇತ್ತು. ಬಾಗಿಲ ಮೇಲೆ ಅಷ್ಟು ದೊಡ್ಡದಾಗಿ ಬರೆದಿತ್ತು. ಅಲ್ಲಿಗೆ ಹೋಗು ಅನ್ನಲು ಆ ಮನುಷ್ಯನಿಗೆ ಬಾಯಿ ನೋಯುತ್ತಿತ್ತೇ?

ಸಿಡುಕ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಕೆಲಸದ ಜಾಗದಲ್ಲಿ ಅಂಟಿಕೊಂಡದ್ದು. ಮೇಷ್ಟ್ರು ಎಸೆದ ಡಸ್ಟರನ್ನು ಅಷ್ಟೇ ಗುರಿಯಿಟ್ಟು ವಾಪಸ್ ಎಸೆದು ಶಾಲೆಯಿಂದ ಹೊರಬಿದ್ದವನು ಅವನು. ಅಂಥವನನ್ನು ಅಕ್ಕನ ಗಂಡ ಕರೆದುಕೊಂಡು ಹೋಗಿ ಕೈಗೆ ಕರಣೆ ಕೊಟ್ಟ. ಭಾವ ಟೈಲ್ಸ್ ಮೇಸ್ತ್ರಿ. ಅವನು ಹಾಸಿದ ನೆಲದ ಮೇಲೆ ಗೋಲಿ ಇಟ್ಟರೆ ಇಟ್ಟಲ್ಲೇ ಕೂರುತ್ತದೆ ಎಂದು ಅವನನ್ನು ಸಹಿಸದವರೂ ಒಪ್ಪುತ್ತಿದ್ದರು. ಅಕ್ಕ ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತು ಬರುವವಳು, ಇವರಿಬ್ಬರು ದಿನವಿಡೀ ಮಂಡಿಯೂರಿ ಬರುವವರು. "ನಮ್ಮನೇಲಿ ಕೂತು ತಿನ್ನೋರೇ ಇಲ್ಲ" ಎಂದು ಭಾವ ತಟ್ಟೆಯ ಮುಂದೆ ನಗಾಡುತ್ತಿದ್ದ.

ಮುಲಾಮು ಹಚ್ಚಿದ್ದಾಯಿತು. ಚರ್ಮ ಉರಿಯಿತೇ ಹೊರತು ಊತ ಕರಗಲಿಲ್ಲ. ಮಂಡಿಚಿಪ್ಪಿನ ಕೆಳಗೆ, ಒಳಮಗ್ಗುಲಲ್ಲಿ, ಮೂಳೆಯೇ ಉಬ್ಬಿದಂಥ ಒಂದು ಗುಬುಟು. ಮುಟ್ಟಿದರೆ ಬೆಚ್ಚಗೆ. ನೆಲಕ್ಕೆ ತಾಗಿದರೆ ಕಣ್ಣಲ್ಲಿ ನೀರು. ಅವನು ಹಲ್ಲು ಕಚ್ಚಿಕೊಂಡು ಟೈಲ್ಸ್ ಕೂರಿಸುವುದನ್ನು ಭಾವ ನೋಡಿದ. ನೋಡಿ ಸುಮ್ಮನಿರುವ ಜಾತಿಯಲ್ಲ ಅವನು. ದಪ್ಪ ಫೋಮು ತಂದ, ಕೆಳಗೆ ಹಳೇ ಟೈರಿನ ರಬ್ಬರು ಅಂಟಿಸಿದ, ಸಿಡುಕನ ಮಂಡಿಯನ್ನು ಅದರ ಮೇಲೆ ಇಡಿಸಿ ಪೆನ್ಸಿಲಿನಿಂದ ಗುರುತು ಹಾಕಿಕೊಂಡ, ಆಮೇಲೆ ಬ್ಲೇಡಿನಿಂದ ಗುಂಡಗೆ ಒಂದು ತೂತು ಕೊಯ್ದ. ಗುಬುಟು ಸರಿಯಾಗಿ ಆ ತೂತಿನೊಳಗೆ ಇಳಿದು ಕೂತಿತು. ಭಾರವೆಲ್ಲ ಸುತ್ತಲಿನ ಫೋಮಿನ ಮೇಲೆ. ನೋವು ಮಂಗಮಾಯ.

"ಹೇಗೆ?" ಅಂದ ಭಾವ, ಮೀಸೆಯ ಕೆಳಗೇ ನಗುತ್ತ.

"ಹಾಸಿಗೆ ಮೇಲೆ ಮಲಗಿದಂಗಿದೆ ಭಾವ."

"ನಮ್ದು ಕಸುಬಿನ ಕಾಲು ಕಣೋ. ಡಾಕ್ಟ್ರಿಗೇನು ಗೊತ್ತು ಮಣ್ಣು? ಈ ಕಾಲಿಗೆ ಔಷಧಿ ನಾವೇ ಮಾಡ್ಕೋಬೇಕು."

ತಂಡದವರೆಲ್ಲ ಬಂದು ಆ ದಿಂಬನ್ನು ತಿರುಗಿಸಿ ಮುರುಗಿಸಿ ನೋಡಿ ಮೆಚ್ಚಿದರು. ಗುಬುಟು ಬೆಳೆದು ತೂತಿನ ಅಂಚಿಗೆ ತಾಗತೊಡಗಿದಾಗ ಭಾವ ಒಂದು ಮಾತೂ ಆಡದೆ ಬ್ಲೇಡು ತೆಗೆದು ತೂತನ್ನು ಅಗಲ ಮಾಡಿಕೊಟ್ಟ. ಆಮೇಲೆ ಇನ್ನೊಮ್ಮೆ. ಆಮೇಲೆ ಮತ್ತೂ ಒಮ್ಮೆ.

ಕೊನೆಗೆ ಕಾಲು ಕೈಕೊಟ್ಟದ್ದು ಮಂಡಿಯೂರಿದಾಗ ಅಲ್ಲ, ನಿಂತಾಗ. ಹೊಸ ಕಟ್ಟಡದ ಮೇಲಿನ ಮಹಡಿಯಲ್ಲಿ ಟೈಲ್ಸಿನ ಡಬ್ಬವನ್ನು ಎದೆಗವಚಿಕೊಂಡು ಹಲಗೆಯಿಂದ ಕೆಳಗೆ ಕಾಲಿಟ್ಟ. ಅಷ್ಟೇ. ಒಳಗೆಲ್ಲೋ ಒಣಕಡ್ಡಿ ಮುರಿದಂತಾಯಿತು. ಡಬ್ಬದ ಸಮೇತ ನೆಲ ಕಂಡ.

"ಲೋ, ಟೈಲ್ಸ್!" ಎಂದು ಕೂಗಿದ ಭಾವ.

ಟೈಲ್ಸ್ ಅಂತೆ. ಬಿದ್ದಲ್ಲಿಂದಲೇ ಸಿಡುಕ ಭಾವನ ಮುಖ ನೋಡಿದ. ಆ ನೋಟ ಭಾವನಿಗೂ ತಟ್ಟಿರಬೇಕು. ಓಡಿ ಬಂದು, ಅವನನ್ನು ಮಗುವಿನಂತೆ ಎತ್ತಿಕೊಂಡು ಮೆಟ್ಟಿಲಿಳಿದ.

ದೊಡ್ಡಾಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು ಒಂದು ಚಿತ್ರ ತೆಗೆದು ಒಳಗೆ ಹೋದಳು. ಹೊರಗೆ ಬಂದಾಗ ಅವಳ ದನಿ ಬದಲಾಗಿತ್ತು. "ಇನ್ನೊಂದು ತೆಗೀಬೇಕಣ್ಣ, ಅಲ್ಲಾಡಬೇಡಿ" ಅಂದಳು. ಮೊದಲು ಇವನನ್ನು ಮಲಗಿಸುವಾಗ ಅವಳು "ಏಯ್, ಕಾಲು ನೆಟ್ಟಗಿಡು" ಅಂದವಳು. ಏಕವಚನ ಬಹುವಚನವಾದದ್ದು ಸಿಡುಕನಿಗೆ ಒಳ್ಳೆಯ ಸೂಚನೆ ಅನ್ನಿಸಲಿಲ್ಲ.

ಮೂಳೆ ಗೆಡ್ಡೆಯ ಸರ್ಜನ್ ಒಬ್ಬ ಹೆಂಗಸು. ಗಿಡ್ಡ ಕೂದಲು, ಮೂಗಿನ ಮೇಲೆ ಜಾರುವ ಕನ್ನಡಕ, ಮಾತು ಪಟಪಟ. ಎಲ್ಲರೂ ಮೇಡಂ ಅನ್ನುತ್ತಿದ್ದರು. ಅವರು ಮೊದಲು ಕೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಂಡು ಅವನ ಮೊಣಕಾಲನ್ನು ಎರಡೂ ಅಂಗೈಗಳಲ್ಲಿ ಹಿಡಿದು ನೋಡಿದರು. ಆಮೇಲೆ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ಮೊಣಕಾಲಿನ ಕೆಳಗಿನ ದೊಡ್ಡ ಮೂಳೆಯ ತಲೆಯಲ್ಲಿ, ಒಂದು ಮಗ್ಗುಲಿಗೆ, ಇಲಿ ತಿಂದಿಟ್ಟ ರೊಟ್ಟಿಯಂತೆ ಕಪ್ಪು ಗುಳಿ. ಗುಳಿಯ ಹೊರಗೋಡೆ ಮೊಟ್ಟೆಯ ಸಿಪ್ಪೆಯಷ್ಟು ತೆಳ್ಳಗೆ. ಆ ಸಿಪ್ಪೆ ಒಂದು ಕಡೆ ಬಿರುಕು ಬಿಟ್ಟಿತ್ತು.

"ಕ್ಯಾನ್ಸರಾ?" ಎಂದು ಕೇಳಿದವಳು ಅಕ್ಕ. ಅಂಗಡಿಯ ಸಮವಸ್ತ್ರದಲ್ಲೇ ಓಡಿ ಬಂದಿದ್ದಳು.

"ನೋಡೋಕೆ ಹಾಗಿಲ್ಲ. ಆದ್ರೆ ನೋಡಿ ಹೇಳೋದಲ್ಲ ಇದು. ಸ್ಕ್ಯಾನ್ ಬೇಕು, ಶ್ವಾಸಕೋಶದ್ದೂ ಬೇಕು, ರಕ್ತದಲ್ಲಿ ಕ್ಯಾಲ್ಸಿಯಂ ನೋಡ್ಬೇಕು, ಸೂಜಿ ಹಾಕಿ ಒಳಗಿನ ಚೂರು ತೆಗೀಬೇಕು."

"ಕಾಲು ನೋವಿಗೆ ಶ್ವಾಸಕೋಶ ಯಾಕೆ? ರಕ್ತ ಯಾಕೆ?" ಸಿಡುಕ ಎಗರಿದ. "ಇಷ್ಟು ದಿನ ಒಬ್ರೂ ಕಾಲೇ ನೋಡ್ಲಿಲ್ಲ, ಈಗ ಮೈಯೆಲ್ಲ ನೋಡ್ತೀರಾ?"

ಮೇಡಂ ಸಿಟ್ಟಾಗಲಿಲ್ಲ. "ಅಪರೂಪಕ್ಕೆ ಇದು ಶ್ವಾಸಕೋಶಕ್ಕೂ ಹೋಗುತ್ತೆ, ಅದಕ್ಕೆ. ಇನ್ನು ಕುತ್ತಿಗೆಯಲ್ಲಿ ಒಂದು ಗ್ರಂಥಿ ಕೆಟ್ರೆ ಮೂಳೆ ಥೇಟ್ ಹಿಂಗೇ ಕಾಣುತ್ತೆ. ಅದು ತಿಳೀದೆ ಕೊಯ್ದ್ರೆ ಸುಮ್ಸುಮ್ನೆ ಕೊಯ್ದಂಗೆ. ಬೈಯೋದಿದ್ರೆ ಆಮೇಲೆ ಬೈ, ಮೊದ್ಲು ತೋಳು ಚಾಚು."

ಫಲಿತಾಂಶ ಬರುವವರೆಗೆ ಆ ಮನೆಯಲ್ಲಿ ಯಾರೂ ಸರಿಯಾಗಿ ಉಸಿರಾಡಲಿಲ್ಲ. ಬಂತು. ಗ್ರಂಥಿ ಸರಿಯಿತ್ತು, ಶ್ವಾಸಕೋಶ ಸ್ವಚ್ಛ. ಕಾಲಿನೊಳಗಿನದು ದೈತ್ಯಕೋಶದ ಗೆಡ್ಡೆ.

"ಕ್ಯಾನ್ಸರ್ ಅಲ್ಲ. ಹಾಗಂತ ಸಾಧುನೂ ಅಲ್ಲ," ಅಂದರು ಮೇಡಂ. "ಬಿಟ್ರೆ ಮೂಳೆ ತಿಂತಾನೇ ಹೋಗುತ್ತೆ. ಸೂಕ್ಷ್ಮದರ್ಶಕದಲ್ಲಿ ಕಾಣೋದು ಈ ದೊಡ್ಡ ದೊಡ್ಡ ಕೋಶಗಳು, ಅದಕ್ಕೇ ಆ ಹೆಸರು. ಆದ್ರೆ ತಪ್ಪು ಇವುಗಳದ್ದಲ್ಲ. ಇವು ಬರೀ ಕೂಲಿಯಾಳುಗಳು. ಪಕ್ಕದಲ್ಲಿ ಸಣ್ಣ ಕೋಶಗಳಿರ್ತವೆ ನೋಡು, ಅವೇ ಮೇಸ್ತ್ರಿಗಳು. ಇವನ್ನ ಕರೆಸಿ, ಇಲ್ಲಿ ಅಗೀರಿ, ಅಲ್ಲಿ ಅಗೀರಿ ಅಂತ ಹೇಳ್ತಾ ಕೂತಿರೋದು."

ಸಿಡುಕ ಮೆಲ್ಲಗೆ ಕತ್ತು ತಿರುಗಿಸಿ ಭಾವನನ್ನು ನೋಡಿದ. ಭಾವ ನೆಲ ನೋಡಿದ. ಆ ನೆಲದ ಟೈಲ್ಸೂ ಓರೆಯಾಗಿದ್ದವು.

"ಒಂದು ಅರ್ಥ ಆಗ್ತಿಲ್ಲ," ಎಂದು ಮೇಡಂ ಮುಂದುವರಿಸಿದರು. "ಇಷ್ಟು ದೊಡ್ಡದಾಗೋವರೆಗೆ ಈ ಮಂಡಿ ಮೇಲೆ ಹೇಗಪ್ಪ ಕೆಲಸ ಮಾಡ್ದೆ? ನೋವಾಗ್ಲಿಲ್ವಾ?"

ಅಕ್ಕ ಏನೂ ತಿಳಿಯದೆ ಚೀಲದಿಂದ ಆ ದಿಂಬನ್ನು ತೆಗೆದಳು. ಕಾಲಿನ ಕೆಳಗೆ ಇಡಲು ಬೇಕಾದೀತೆಂದು ತಂದಿದ್ದಳು ಪಾಪ. ಮೇಡಂ ಅದನ್ನು ಕೈಗೆ ತೆಗೆದುಕೊಂಡರು. ತೂತಿನೊಳಗೆ ಬೆರಳಾಡಿಸಿದರು. ಪ್ರತಿ ಸಲ ಕೊಯ್ದದ್ದೂ ಮೆಟ್ಟಿಲಿನಂತೆ ಎದ್ದು ಕಾಣುತ್ತಿತ್ತು. ಮೊದಲ ತೂತು ಕೆಳಗೆ, ಅದರ ಮೇಲೆ ಅಗಲ, ಅದಕ್ಕಿಂತ ಅಗಲ, ಮತ್ತೂ ಅಗಲ.

"ಯಾರು ಮಾಡಿದ್ದು?"

"ನಾನು," ಅಂದ ಭಾವ.

"ಗೆಡ್ಡೆ ಬೆಳೆದ ಹಾಗೆಲ್ಲ ಅಳತೆ ತಗೊಂಡಿದ್ದೀರಲ್ಲ." ಅವರು ಬೈಯಲಿಲ್ಲ. ದಿಂಬನ್ನು ಮೇಜಿನ ಮೇಲಿಟ್ಟರು. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ಸಿಡುಕನಿಗೆ ಮೈಯೆಲ್ಲ ಉರಿದುಹೋಯಿತು. ಆಸ್ಪತ್ರೆಯ ಕಾರಿಡಾರಿನಲ್ಲಿ, ಊರುಗೋಲನ್ನು ಗೋಡೆಗೆ ಬಡಿದು, ಬಾಯಿಗೆ ಬಂದದ್ದನ್ನೆಲ್ಲ ಅಂದ.

"ಬ್ಲೇಡು ಹಿಡಿದೋನು ನೀನು! ಒಂದ್ಸಲ ಅಲ್ಲ, ಎರಡ್ಸಲ ಅಲ್ಲ! ಯಾಕೆ ದೊಡ್ಡದಾಗ್ತಿದೆ ಅಂತ ಕೇಳೋಕೆ ಬಾಯಿ ಬರ್ಲಿಲ್ವಾ? ಕೆಲಸ ನಿಲ್ಲಬಾರ್ದು, ಅಷ್ಟೇ ಅಲ್ವಾ ನಿಂಗೆ?"

"ನಿಂಗೆ ನೋವಾಗಬಾರ್ದು ಅಂತ..."

"ನೋವಾಗ್ಲಿ ಅಂತ ಬಿಡ್ಬೇಕಿತ್ತು! ನೋವಾಗಿದ್ರೆ ಕೆಲಸ ಬಿಟ್ಟು ಇನ್ನೊಬ್ಬ ಡಾಕ್ಟ್ರ ಹತ್ರ ಹೋಗಿ ಸಾಯ್ತಿದ್ದೆ! ನನ್ ನೋವನ್ನೂ ನೀನೇ ತಿಂದ್ಯಲ್ಲೋ!"

ಭಾವನಿಗೆ ಅವನು ಜನ್ಮದಲ್ಲಿ ಮೊದಲ ಸಲ "ಲೋ" ಅಂದಿದ್ದ. ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ಭಾವ ಮೆಟ್ಟಿಲಿಳಿದು ಹೋದ. ಸಿಡುಕನಿಗೆ ಸಮಾಧಾನವೇನೂ ಆಗಲಿಲ್ಲ. ಮುಲಾಮಿನ ಡಾಕ್ಟರ ಹತ್ತಿರ ಹೋಗಿ ಅವರ ಪೆನ್ನನ್ನು ಮುರಿಯಬೇಕು ಅನ್ನಿಸಿತು. ಆದರೆ ಎರಡು ಬೀದಿ ದಾಟಲು ಕಾಲಿರಲಿಲ್ಲ. ಸಿಟ್ಟಿಗೂ ಕಾಲು ಬೇಕು, ಇದು ಅವನಿಗೆ ಆಗ ಗೊತ್ತಾಯಿತು.

ಮುಂದಿನ ಭೇಟಿಯಲ್ಲಿ ಮೇಡಂ ನೇರ ವಿಷಯಕ್ಕೆ ಬಂದರು.

"ಎರಡು ದಾರಿ ಇದೆ. ಒಂದು, ಮೂಳೆಗೆ ದೊಡ್ಡ ಕಿಟಕಿ ಕೊರೆದು, ಒಳಗಿರೋದನ್ನೆಲ್ಲ ಕೆರೆದು, ಗೋಡೆಗಳನ್ನ ಯಂತ್ರದಿಂದ ಉಜ್ಜಿ, ಮೂಳೆಗೆ ಅಂತಾನೇ ಇರೋ ಸಿಮೆಂಟು ತುಂಬೋದು. ಕೀಲು ನಿಂದೇ ಉಳಿಯುತ್ತೆ. ಆದ್ರೆ ಗೆಡ್ಡೆ ಮತ್ತೆ ಬಂದ್ರೂ ಬರಬಹುದು. ಎರಡನೇದು, ಆ ತುದೀನೇ ಕತ್ತರಿಸಿ ತೆಗೆದು ಲೋಹದ ಕೀಲು ಕೂರಿಸೋದು. ಮತ್ತೆ ಬರೋದು ಕಡಿಮೆ. ಆದ್ರೆ ಆ ಕಾಲಲ್ಲಿ ಮಂಡಿ ಊರೋದನ್ನ ಮರೀಬೇಕು. ಲೋಹ ಸವೆಯುತ್ತೆ ಬೇರೆ, ನಿಂಗಿನ್ನೂ ಸಣ್ಣ ವಯಸ್ಸು."

ಮಂಡಿ ಊರುವುದನ್ನು ಮರೆಯಬೇಕು. ಅಂದರೆ ಮೇಷ್ಟ್ರ ಮುಖಕ್ಕೆ ಡಸ್ಟರ್ ಎಸೆದು ಬಂದವನಿಗೆ ಕೈಹತ್ತಿದ ಒಂದೇ ಒಂದು ವಿದ್ಯೆಯನ್ನು ಮರೆಯಬೇಕು.

"ದೊಡ್ಡ ಕಿಟಕಿ ಯಾಕೆ?" ಅಂದ ಸಿಡುಕ. ಇಲ್ಲಿ ತನಗೆ ಗೊತ್ತಿರುವ ಮಾತು ಬಂತೆಂದು ಅವನಿಗೆ ಧೈರ್ಯ ಬಂದಿತ್ತು. "ಟೈಲ್ಸ್ ಕೆಳಗೆ ಟೊಳ್ಳಾದ್ರೆ ನಾವು ಟೈಲ್ಸ್ ಕೀಳಲ್ಲ ಮೇಡಂ. ಸಂದಿಯಲ್ಲಿ ಸಣ್ಣ ತೂತು ಕೊರೆದು ಸಿರಿಂಜಲ್ಲಿ ಸಿಮೆಂಟಿನ ಹಾಲು ಬಿಡ್ತೀವಿ. ಗಟ್ಟಿ ಕೂರುತ್ತೆ. ಹಂಗೇ ಮಾಡಿ."

"ಟೈಲ್ಸ್ ಕೆಳಗಿನ ಟೊಳ್ಳು ಬೆಳೆಯುತ್ತಾ?"

"ಇಲ್ಲ."

"ಇದು ಬೆಳೆಯುತ್ತೆ. ಸಣ್ಣ ತೂತಿಂದ ಕೆರೆದ್ರೆ ಮೂಲೆಯಲ್ಲಿ ಅವಿತಿರೋದು ಕಾಣಲ್ಲ. ಒಂದು ಚೂರು ಉಳಿದ್ರೂ ಮತ್ತೆ ಸಂಸಾರ ಹೂಡುತ್ತೆ. ಗಾಯ ಚಿಕ್ಕದು ಮಾಡಿ ಹೊಗಳಿಸಿಕೊಂಡೋರ ಪೇಷೆಂಟುಗಳು ಆಮೇಲೆ ಅಳ್ತಾ ಬರೋದು ನನ್ ಹತ್ರಾನೇ."

ಸಿಡುಕನ ಮುಖ ಕೆಂಪಾಯಿತು. ದಿಂಬಿನ ತೂತು ನಂಬಿ ಮೋಸ ಹೋದದ್ದು ಸಾಲದೆಂದು ಮತ್ತೆ ತಾನೇ ಹೋಗಿ ಇನ್ನೊಂದು ತೂತು ಕೇಳಿದ್ದ.

"ನನ್ ಮನಸ್ಸು ಕೆರೆಯೋ ಕಡೆಗೇ ಇದೆ," ಅಂದರು ಮೇಡಂ. "ಆದ್ರೆ ಬಿರುಕು ಕೀಲಿನ ಹತ್ರ ಹೋಗಿದೆ. ಒಳಗೆ ತೆರೆದು ನೋಡಿದ್ಮೇಲೇ ಗೊತ್ತಾಗೋದು. ಕೀಲಿನ ಕೆಳಗೆ ಮೂಳೆನೇ ಉಳಿದಿಲ್ಲ ಅಂದ್ರೆ ಅಲ್ಲೇ ಎರಡನೇ ದಾರಿ ಹಿಡೀಬೇಕು. ಎರಡಕ್ಕೂ ನಿನ್ ಒಪ್ಪಿಗೆ ಬೇಕು."

"ಒಂದಕ್ಕೆ ಹ್ಞೂಂ. ಇನ್ನೊಂದಕ್ಕೆ ಇಲ್ಲ."

"ಹಾಗಾದ್ರೆ ನಾನು ಕೈ ಹಾಕಲ್ಲ."

"ನಾನು ಕಣ್ಮುಚ್ಚಿ ಮಲಗಿರ್ಬೇಕು, ನೀವು ನನ್ ಮಂಡೀನ ಕತ್ತರಿಸಿ ಬಕೆಟ್ಟಿಗೆ ಹಾಕ್ಬೇಕು, ನಾನು ಎದ್ದು ಕಬ್ಬಿಣ ಸವರಿಕೊಳ್ಬೇಕು! ಎಲ್ಲರೂ ನನ್ ಕಾಲಿನ ಬಗ್ಗೆ ತೀರ್ಮಾನ ಮಾಡೋರೇ! ಒಬ್ಬ ಪೆನ್ನಲ್ಲಿ ತೀರ್ಮಾನ ಮಾಡ್ದ, ಒಬ್ಬ ಬ್ಲೇಡಲ್ಲಿ ತೀರ್ಮಾನ ಮಾಡ್ದ. ಈಗ ನೀವು!"

ಅಕ್ಕ ಅವನ ತೋಳು ಚಿವುಟಿದಳು. ಮೇಡಂ ಕನ್ನಡಕ ಮೇಲಕ್ಕೆ ತಳ್ಳಿ ಅವನನ್ನೇ ನೋಡಿದರು. "ಹಾಗಾದ್ರೆ ಎಚ್ಚರವಾಗಿರು. ಸೊಂಟದ ಕೆಳಗೆ ಮಾತ್ರ ಮರಗಟ್ಟಿಸ್ತೀವಿ. ಕತ್ತರಿಸೋ ಪರಿಸ್ಥಿತಿ ಬಂದ್ರೆ ನಿನ್ ಮುಖ ನೋಡಿ ಹೇಳಿ, ಆಮೇಲೆ ಕತ್ತರಿಸ್ತೀನಿ. ಆದ್ರೆ ಅಲ್ಲಿ ಈ ಥರ ಕೂಗಾಡೋ ಹಾಗಿಲ್ಲ. ಆಗುತ್ತಾ?"

ಸಿಡುಕ ಮೇಜಿನ ಮೇಲಿನ ಒಪ್ಪಿಗೆ ಪತ್ರವನ್ನು ತನ್ನತ್ತ ಎಳೆದುಕೊಂಡ. "ಮುಖ ನೋಡಿ ಹೇಳ್ಬೇಕು," ಅಂದು ಸಹಿ ಹಾಕಿದ. ಅವನ ಸಹಿ ಕಾಗದವನ್ನು ಹರಿದೇ ಬಿಡುವಂತಿತ್ತು.

ಆಪರೇಷನ್ ಕೋಣೆ ತಣ್ಣಗೆ ಕೊರೆಯುತ್ತಿತ್ತು. ಅವನ ಎದೆಯ ಮೇಲೆ ಹಸಿರು ಪರದೆ. ಅದರಾಚೆ ಅವನ ಕಾಲು ಯಾರದ್ದೋ ಕಾಲಾಗಿ ಮಲಗಿತ್ತು. ಮೊದಲು ಕಟಕಟ ಸದ್ದು. ಆಮೇಲೆ ಕೆರೆಯುವ ಸದ್ದು, ತಳ ಹಿಡಿದ ಪಾತ್ರೆಯನ್ನು ಚಮಚದಿಂದ ಕೆರೆದಂತೆ. ಕೆರೆದರು, ಕೆರೆದರು. "ಮೂಲೆಗೆ ಬೆಳಕು ಬಿಡ್ರೀ" ಎಂದು ಮೇಡಂ ಯಾರನ್ನೋ ಗದರಿಸಿದರು. ಅವರಿಗೂ ಸಿಟ್ಟು ಬರುತ್ತದೆಂದು ತಿಳಿದು ಸಿಡುಕನಿಗೆ ಒಂಥರಾ ಸಮಾಧಾನ. ಆಮೇಲೆ ಗಿರ್ರೆಂದು ಯಂತ್ರ ಶುರುವಾಯಿತು. ಮೂಳೆ ಉಜ್ಜಿದ ವಾಸನೆ ಪರದೆ ದಾಟಿ ಬಂತು. ಅವನು ಕಣ್ಣು ಮುಚ್ಚಲಿಲ್ಲ. ಮೇಲಿನ ದೀಪವನ್ನೇ ಗುರಾಯಿಸುತ್ತಿದ್ದ.

ಯಂತ್ರ ನಿಂತಿತು. ಅವನು ಕತ್ತೆತ್ತಿ ಪರದೆಯ ಅಂಚಿನತ್ತ ನೋಡಿದ.

ಮೇಡಂ ಪರದೆಯ ಈಚೆಗೆ ಬಂದರು. ರಕ್ತವಾದ ಕೈಗಳನ್ನು ಮೇಲೆತ್ತಿ ಹಿಡಿದಿದ್ದರು.

"ಕೇಳಿಲ್ಲಿ. ಒಂದು ಕಡೆ, ಹೆಬ್ಬೆರಳಿನ ಉಗುರಷ್ಟು ಜಾಗದಲ್ಲಿ ಮೂಳೆ ಪೂರ್ತಿ ಹೋಗಿದೆ. ಕೀಲಿನ ಮೃದ್ವಸ್ಥಿ ಮಾತ್ರ ಗಾಜಿನ ಥರ ಉಳಿದಿದೆ. ಅದು ಒಡೆದಿಲ್ಲ. ಉಳಿದ ಕಡೆ ಚೆನ್ನಾಗಿದೆ."

"ಕತ್ತರಿಸ್ತೀರಾ?"

"ಇಲ್ಲ. ಸೊಂಟದಿಂದ ಸ್ವಲ್ಪ ಮೂಳೆ ತೆಗೆದು ಆ ಜಾಗಕ್ಕೆ ಮೆತ್ತಿ, ಕೆಳಗೆ ಸಿಮೆಂಟು ತುಂಬಿ, ಲೋಹದ ಪಟ್ಟಿ ಕೂರಿಸಿ ಬಿಗೀತೀನಿ. ಕುಸಿದ್ರೂ ಕುಸಿಯಬಹುದು, ಈಗ್ಲೇ ಹೇಳ್ತಿದೀನಿ. ಹ್ಞೂಂ ಅಂತೀಯಾ?"

ಎಲ್ಲ ಕಡೆ ಸಿಟ್ಟನ್ನೇ ಮುಂದೆ ಬಿಟ್ಟುಕೊಂಡು ಓಡಾಡಿದವನಿಗೆ ಆ ಹೊತ್ತಿನಲ್ಲಿ ಸಿಟ್ಟು ಕೈಗೆ ಸಿಗಲಿಲ್ಲ. "ಹ್ಞೂಂ" ಅನ್ನುವುದಕ್ಕೂ ಎರಡು ಸಲ ಪ್ರಯತ್ನ ಪಡಬೇಕಾಯಿತು.

ಸಿಮೆಂಟು ಗಟ್ಟಿಯಾಗುವವರೆಗೆ ಯಾರೂ ಏನನ್ನೂ ಮುಟ್ಟಲಿಲ್ಲ. ಅದು ಒಳಗೆ ಕಾಯುತ್ತದಂತೆ, ಮೇಲೆ ತಣ್ಣೀರು ಬಿಡುತ್ತಿದ್ದರು. ನರ್ಸು ಒಬ್ಬಳು ಉಳಿದ ಸಿಮೆಂಟಿನ ಉಂಡೆಯನ್ನು ಅಂಗೈಯಲ್ಲಿ ಒತ್ತಿ ಒತ್ತಿ ನೋಡುತ್ತಿದ್ದಳು. "ಆಯ್ತು ಮೇಡಂ, ಕಲ್ಲು" ಅಂದಳು.

ಗೆದ್ದೆ ಅಂದುಕೊಳ್ಳುವ ಹಾಗೂ ಇರಲಿಲ್ಲ. ವಾರ್ಡಿನಲ್ಲಿ ಮೇಡಂ ಸ್ಪಷ್ಟವಾಗಿ ಹೇಳಿದರು: ಆಗಾಗ ಬಂದು ಎಕ್ಸ್‌ರೇ ತೆಗೆಸಬೇಕು, ಸಿಮೆಂಟಿನ ಅಂಚಿನಲ್ಲಿ ಮೂಳೆ ಮತ್ತೆ ಕರಗಿದೆಯೇ ಎಂದು ವರ್ಷಗಟ್ಟಲೆ ನೋಡುತ್ತಿರಬೇಕು. "ಮತ್ತೆ ಬಂದ್ರೆ ಬೇಗ ಹಿಡೀಬೇಕು. ನೋವಿಲ್ಲ ಅಂತ ಮನೇಲಿ ಕೂರಬೇಡ. ಇನ್ನು ಮಂಡಿ. ಅದು ಪೂರ್ತಿ ಬಗ್ಗಿದ್ರೆ, ಎಲ್ಲ ಕೂಡಿ ಬಂದ್ರೆ, ನಿಧಾನಕ್ಕೆ ನೆಲಕ್ಕೆ ಊರೋಣ. ಬಗ್ಗಿಸದೇ ಬಿಟ್ರೆ ನಾನು ಉಳಿಸಿದ್ದೂ ದಂಡ."

ನೋಡಲು ಬಂದವರೆಲ್ಲ ಒಂದೇ ರಾಗ. ಕಾಲು ಉಳೀತಲ್ಲ, ಇನ್ನಾದ್ರೂ ಸಿಟ್ಟು ಬಿಡು. ಯಾಕೆ ಬಿಡಬೇಕು? ಪೆನ್ನಿನ ಡಾಕ್ಟರು ಇವತ್ತೂ ಅದೇ ಕುರ್ಚಿಯಲ್ಲಿ ಕೂತು ಇನ್ನೊಬ್ಬನ ಮಂಡಿಗೆ ಪೆನ್ನು ಒತ್ತುತ್ತಿರುತ್ತಾರೆ. ಹಾಗಂದವರ ಮುಖಕ್ಕೇ ಅವನು ಇದನ್ನು ಹೇಳಿದ. ಜನ ಬರುವುದು ಕಡಿಮೆಯಾಯಿತು.

ಮಂಡಿ ಬಗ್ಗಲಿಲ್ಲ. ವ್ಯಾಯಾಮ ಮಾಡಿಸುವ ಫಿಸಿಯೋ ಒಬ್ಬ ನಗುಮುಖದ ಮನುಷ್ಯ, ಮಾತಿಗೊಮ್ಮೆ "ಬಾಸ್" ಅನ್ನುತ್ತಿದ್ದ. ಕಾಲು ಅರ್ಧ ದಾರಿಗೆ ಬಂದು ತುಕ್ಕು ಹಿಡಿದ ಬಾಗಿಲಂತೆ ನಿಂತುಬಿಡುತ್ತಿತ್ತು. ಅಲ್ಲಿಂದಾಚೆ ಬರೀ ಬೆಂಕಿ.

"ಬಾಸ್, ನನಗಿನ್ನೂ ನಾಲ್ಕು ಪೇಷೆಂಟಿದಾರೆ. ಮನೆಯವರು ಯಾರಾದ್ರೂ ಹಿಮ್ಮಡಿ ಹಿಡ್ಕೊಳ್ಳಿ."

ಅಕ್ಕ ಅಂಗಡಿಗೆ ಹೋಗಿದ್ದಳು. ಕಾರಿಡಾರಿನ ಬೆಂಚಿನಿಂದ ಎದ್ದು ಬಂದವನು ಭಾವ. ಆ ಜಗಳದ ಮೇಲೆ ಭಾವ ದಿನಾ ಬರುತ್ತಿದ್ದ, ಬೆಂಚಿನಲ್ಲಿ ಕೂರುತ್ತಿದ್ದ, ಹೋಗುತ್ತಿದ್ದ. ಒಳಗೆ ಕಾಲಿಟ್ಟಿರಲಿಲ್ಲ. ಈಗ ಬಂದು ಹಾಸಿಗೆಯ ಪಕ್ಕ ನೆಲಕ್ಕೆ ಮಂಡಿಯೂರಿ ಕೂತು, ಸುಣ್ಣ ತಿಂದ ಒರಟು ಅಂಗೈಯಲ್ಲಿ ಅವನ ಹಿಮ್ಮಡಿ ಹಿಡಿದ.

"ಮುಟ್ಟಬೇಡ," ಅಂದ ಸಿಡುಕ.

"ಆಯ್ತು, ಮುಟ್ಟಲ್ಲ," ಅಂದು ಭಾವ ಬಿಗಿಯಾಗಿ ಹಿಡಿದ. "ಬಗ್ಗಿಸು."

"ಆಗಲ್ಲ."

"ಆಗಲ್ವಾ? ಸರಿ ಬಿಡು. ಆ ಹೊಸ ಕಟ್ಟಡದ ದೊಡ್ಡ ಹಾಲ್‌ನ ನೆಲ ಬೇರೆಯವನಿಗೆ ಒಪ್ಪಿಸಿಬಿಟ್ಟೆ. ಅವನ ಕೈ ನಿನಗಿಂತ ಸಾಫು."

"ಯಾರಿಗೆ?"

"ನಮ್ ತಂಡದ ಆ ಕಿವಿ ಕೇಳಿಸದ ಗುಂಗುರು ಕೂದಲಿನೋನಿಗೆ."

"ಅವನಿಗಾ! ಅವನಿಗೆ ಮಟ್ಟ ಹಿಡಿಯೋಕೂ ಬರಲ್ಲ! ನಿಂಗೆ ತಲೆ ಕೆಟ್ಟಿದ್ಯಾ?" ಸಿಡುಕ ಎದ್ದು ಕೂರಲು ಹೋದ. ಮಂಡಿ ತುಸು ಒಳಗೆ ಬಂತು. ಅವನ ಹಣೆಯಲ್ಲಿ ಬೆವರು ಒಡೆಯಿತು.

"ನೋಡು, ಬಗ್ತಾ ಇದೆ," ಅಂದ ಭಾವ. "ಬೈ. ಇನ್ನೂ ಬೈ."

"ಸಾಯಿ ನೀನು! ಮೋಸಗಾರ! ನಾನು ಬಿದ್ದಾಗ ಟೈಲ್ಸ್ ನೋಡಿದೋನು!"

"ಹ್ಞೂಂ, ನೋಡ್ದೆ." ಭಾವ ಹಿಮ್ಮಡಿಯನ್ನು ಇನ್ನೊಂದು ಬೆರಳಷ್ಟು ಹಿಂದಕ್ಕೆ ಒತ್ತಿದ.

"ಅಯ್ಯೋ! ನನ್ ಕಾಲು ತಿಂದೋನು ನೀನೇ!"

"ಹ್ಞೂಂ, ನಾನೇ." ಭಾವನ ದನಿ ಒಡೆದಿತ್ತು, ಕೈ ಮಾತ್ರ ಸಡಿಲವಾಗಲಿಲ್ಲ. "ನಾನೇ ತಿಂದಿದ್ದು. ಇನ್ನೂ ಸ್ವಲ್ಪ."

ಪಕ್ಕದ ಹಾಸಿಗೆಯ ಮುದುಕ ಎದ್ದು ಕೂತ. ನರ್ಸು ಬಾಗಿಲಿಗೆ ಬಂದು ನಿಂತಳು. ಸಿಡುಕ ಎರಡೂ ಕೈಗಳಿಂದ ಮಂಚದ ಕಂಬಿ ಹಿಡಿದು, ಭಾವನ ಕಣ್ಣಿನಲ್ಲಿ ಕಣ್ಣಿಟ್ಟು, ಎದೆ ತುಂಬ ಉಸಿರೆಳೆದುಕೊಂಡು ಇನ್ನೊಂದು ಬೈಗುಳ ಹುಡುಕಿದ.